ಗೇಣು ಅಗಲದ ಹೊಲ

ನಮ್ಮೂರಿನಲ್ಲಿ ಬಡವರಿಲ್ಲ. ಈ ಮಾತು ನನ್ನದಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೊದಲ ಭಾನುವಾರ ಚರ್ಚಿನ ಮುಂದೆ ನಿಂತು ಪಾರುಪತ್ತೇಗಾರ ಫ್ರಿಶೆ ಹೇಳುತ್ತಾನೆ, ನಾವೆಲ್ಲ ತಲೆಯಾಡಿಸುತ್ತೇವೆ. ತಲೆಯಾಡಿಸುವಾಗ ಹೊಟ್ಟೆ ಚುರುಗುಟ್ಟುತ್ತಿರುತ್ತದೆ, ಅದು ಬೇರೆ ವಿಷಯ.

ಫ್ರಾನ್ಸಿನಿಂದ ಹಡಗು ಹತ್ತಿ ಬಂದ ನಮ್ಮ ಹಿರಿಯರಿಗೆ ಧಣಿ ಈ ನದಿಯ ದಂಡೆಯಲ್ಲಿ ಪಟ್ಟಿ ಪಟ್ಟಿಯಾಗಿ ಹೊಲ ಹಂಚಿಕೊಟ್ಟ. ಪ್ರತಿ ಪಟ್ಟಿಯ ಒಂದು ತುದಿ ನದಿಗೆ, ಇನ್ನೊಂದು ತುದಿ ಬಯಲಿಗೆ. ಧಣಿಯ ಮುಖ ಕಂಡವರಿಲ್ಲ. ಅವನು ಆಗಲೂ ಸಮುದ್ರದಾಚೆ ಇದ್ದ, ಈಗಲೂ ಅಲ್ಲೇ ಇದ್ದಾನೆ. ಹುಟ್ಟಿದ ಪ್ರತಿಯೊಬ್ಬ ಗಂಡುಮಗನ ಹೊಲಕ್ಕೂ ನದಿಯ ಮುಖ ಇರಲೇಬೇಕು ಎನ್ನುವುದು ನಮ್ಮ ಕಟ್ಟಳೆ. ಹಾಗಾಗಿ ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಸೌದೆ ಸೀಳಿದ ಹಾಗೆ ಉದ್ದುದ್ದಕ್ಕೆ ಸೀಳುತ್ತೇವೆ. ಮರುದಿನ ಬೆಳಗಾಗುವಷ್ಟರಲ್ಲಿ ಪ್ರತಿ ಸೀಳೂ ಬಯಲಿನ ಕಡೆಗೆ ಬೆಳೆದುಕೊಂಡಿರುತ್ತದೆ. ಅಗಲ ಅರ್ಧವಾಗಿದ್ದರೆ ಉದ್ದ ಎರಡರಷ್ಟು, ಅಗಲ ಕಾಲು ಭಾಗವಾಗಿದ್ದರೆ ಉದ್ದ ನಾಲ್ಕರಷ್ಟು. ಅಪ್ಪನಿಗೆ ಎಷ್ಟು ನೆಲವಿತ್ತೋ ಅಷ್ಟೂ ಪ್ರತಿ ಮಗನಿಗೂ ಸಿಗುತ್ತದೆ. ಪಾದ್ರಿಗಳು ಇದನ್ನು ದೇವರ ಕರುಣೆ ಎನ್ನುತ್ತಾರೆ, ಫ್ರಿಶೆ ಧಣಿಯ ಕರುಣೆ ಎನ್ನುತ್ತಾನೆ. ಕಂದಾಯ ಮಾತ್ರ ಉದ್ದ ನೋಡಿ ಹಾಕುವುದಿಲ್ಲ, ಮುಖ ನೋಡಿ ಹಾಕುತ್ತಾರೆ. ನದಿಗೆ ಮುಖವಿರುವ ಪ್ರತಿ ಹೊಲಕ್ಕೆ ವರ್ಷಕ್ಕೊಂದು ಕೊಬ್ಬಿದ ಹುಂಜ, ಧಣಿಯ ಜಮೀನಿನಲ್ಲಿ ಮೂರು ದಿನದ ಬಿಟ್ಟಿ ದುಡಿಮೆ. ಒಂದು ಹೊಲ ನಾಲ್ಕಾದರೆ ಹುಂಜವೂ ನಾಲ್ಕು. ಧಣಿಯ ಕರುಣೆ ಎಷ್ಟು ದೊಡ್ಡದೆಂದು ಗೊತ್ತಾಗಬೇಕಾದರೆ ನಮ್ಮ ಹುಂಜಗಳನ್ನು ಕೇಳಬೇಕು.

ನನ್ನ ಹೆಸರು ಪೆರೀನ್. ಗ್ಯಾಸ್ಪಾರನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಅವನ ಹೊಲ ಒಂದು ಗಜ ಅಗಲವಿತ್ತು, ಅಂದರೆ ನಾಲ್ಕು ಗೇಣು. ಹಿಮ ಕರಗಿದ ವಾರವೇ ಹೊರಟರೆ ಬಿತ್ತುತ್ತಾ ಬಿತ್ತುತ್ತಾ ಕೊನೆ ಮುಟ್ಟಲು ಮೂವತ್ತು ದಿನ. ಅಲ್ಲಿ ಒಂದು ಗುಡಿಸಲಿನಲ್ಲಿ ಕೂತು ಪೈರು ಹಣ್ಣಾಗುವುದನ್ನು ಕಾದು, ಕೊಯ್ಯುತ್ತಾ ಕೊಯ್ಯುತ್ತಾ ಮತ್ತೆ ಹಿಮ ಬೀಳುವ ಮೊದಲು ಮನೆ ಸೇರುತ್ತಿದ್ದ. ಹೊಲದಷ್ಟೇ ಅಗಲ ಮನೆ. ಅದರೊಳಗೆ ನಾವು ಬಟಾಣಿ ಕಾಯಿಯೊಳಗಿನ ಕಾಳುಗಳ ಹಾಗೆ ಒಬ್ಬರ ಕಾಲಿಗೆ ಒಬ್ಬರ ತಲೆ ಕೊಟ್ಟು ಮಲಗುತ್ತಿದ್ದೆವು. ಎತ್ತಿಗೆ ತಿರುಗಲು ಜಾಗವಿಲ್ಲ, ಆದ್ದರಿಂದ ನಮ್ಮೂರಿನ ಎತ್ತುಗಳು ಹಿಂದಕ್ಕೆ ನಡೆಯುವುದನ್ನು ಕಲಿತವು. ಎತ್ತಿಗೆ ಬಂದ ವಿದ್ಯೆ ಮನುಷ್ಯನಿಗೆ ಬರದೇ ಇದ್ದೀತೆ? ಗೇಣಗಲದ ಹೊಲದವರು ಹೋಗುವಾಗ ಮುಂದಕ್ಕೆ ನಡೆದು, ಬರುವಾಗ ಹಿಂದಕ್ಕೆ ನಡೆದು ಬರುತ್ತಾರೆ. ತಿರುಗಿದರೆ ಕಾಲು ಪಕ್ಕದವರ ನೆಲದ ಮೇಲೆ ಬಿದ್ದೀತಲ್ಲ. ಗೆರೆ ದಾಟಿದರೆ ಶಿಕ್ಷೆ ಏನು ಎಂದು ಯಾರಿಗೂ ಗೊತ್ತಿಲ್ಲ. ಗ್ಯಾಸ್ಪಾರನ ಕಾಲದವರೆಗೆ ಯಾರೂ ದಾಟಿರಲಿಲ್ಲ.

ಗೇಣಿನವರು ಎಂದರೆ ನಮ್ಮಲ್ಲಿ ಬಹಳ ಮರ್ಯಾದೆ. ಅವರ ಹೊಲದ ಕೊನೆ ಮುಟ್ಟಲು ನಾಲ್ಕು ತಿಂಗಳು ಬೇಕು, ಚಳಿಗಾಲವನ್ನು ಅಲ್ಲೇ ಕಳೆಯಬೇಕು, ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ, ಅದೂ ಒಂದು ವಾರದ ಮಟ್ಟಿಗೆ. ಕೊಯ್ದ ಗೋಧಿಯೆಲ್ಲ ದಾರಿಯುದ್ದಕ್ಕೂ ಅವರ ಊಟಕ್ಕೇ ಆಗಿಹೋಗುತ್ತದೆ. ಬರಿಗೈಯಲ್ಲಿ ಬಂದರೂ ಅವರನ್ನು ಚರ್ಚಿನಲ್ಲಿ ಮುಂದಿನ ಸಾಲಿಗೆ ಕೂರಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ನಮ್ಮಂಥವರನ್ನು ನೋಡಿಯೇ. ಪಕ್ಕದ ಮನೆಯ ಬಾಬೆಟ್‌ಳ ಅಪ್ಪ ಗೇಣಿನವನು. ಆ ಹುಡುಗಿಗೆ ಈಗ ಹತ್ತೊಂಬತ್ತು. ಅಪ್ಪನನ್ನು ಅವಳು ಹೆಚ್ಚೆಂದರೆ ಒಂಬತ್ತು ಸಲ ಕಂಡಿದ್ದಾಳೆ, ಒಂಬತ್ತು ಸಲವೂ ಮೊದಲು ಕಂಡದ್ದು ಬೆನ್ನು.

ಗ್ಯಾಸ್ಪಾರ್ ಒಂದು ವರ್ಷ ಕೆಮ್ಮಿಕೊಂಡು ಬಂದವನು ಮತ್ತೆ ಏಳಲಿಲ್ಲ. ನಮಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ರೆಮಿ, ಮೈಗಳ್ಳ, ನಗುಮುಖದವನು, ಹಸಿವಾದರೆ ಮಾತ್ರ ಸಿಟ್ಟು. ಚಿಕ್ಕವನು ತೂಸಾನ್. ಅವನು ಎಳೆಯ ಕೂಸಾಗಿದ್ದಾಗಲೇ ತೊಟ್ಟಿಲಿನಿಂದ ಕೈ ಹೊರಗೆ ಹಾಕುತ್ತಿರಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವನೇ ನನಗೆ ಹೆಚ್ಚು ಪ್ರೀತಿ. ತಾಯಿಗೆ ಎಲ್ಲ ಮಕ್ಕಳೂ ಒಂದೇ ಎನ್ನುವವರು ಸುಳ್ಳು ಹೇಳುತ್ತಾರೆ. ಅಪ್ಪನ ಮಣ್ಣು ಮುಗಿಸಿ ಬಂದ ಮೂರನೆಯ ದಿನ, ಹುಟ್ಟುತ್ತಾ ಅಣ್ಣತಮ್ಮಂದಿರು ಬೆಳೆಯುತ್ತಾ ದಾಯಾದಿಗಳು ಎಂಬ ಮಾತಿಗೆ ಸರಿಯಾಗಿ, ಇಬ್ಬರೂ ಪಾಲಿನ ವಿಷಯ ಎತ್ತಿದರು. ಪಾಲಾದರೆ ತಲೆಗೆ ಎರಡು ಗೇಣು, ಊರಿಗೆ ಬರುವುದು ವರ್ಷದ ಕೊನೆಗೊಂದು ಹದಿನೈದು ದಿನ. ಅವರ ಮಕ್ಕಳ ಕಾಲಕ್ಕೆ ಗೇಣು.

"ಪಾಲು ಯಾಕ್ರಪ್ಪ? ಒಟ್ಟಿಗೇ ಮಾಡ್ಕೊಂಡು ಹೋಗಿ. ಒಬ್ಬ ಹೋದ್ರೆ ಒಬ್ಬ ಮನೇಲಿರ್ತೀರ," ಎಂದೆ.

"ಜನ ಏನಂತಾರವ್ವ?" ಎಂದ ತೂಸಾನ್. "ಅಪ್ಪಂದು ಮೂವತ್ತು ದಿನದ ಹೊಲ. ಮಕ್ಕಳದ್ದೂ ಮೂವತ್ತೇ ಅಂದ್ರೆ ನಾವು ಮುಂದಕ್ಕೆ ಬಂದಂಗೇನು?"

"ನನಗೇನೂ ಅವಸರ ಇಲ್ಲ," ಎಂದ ರೆಮಿ. "ಆದ್ರೆ ಇವನು ತಗೊಂಡ್ರೆ ನಾನೂ ತಗೋಬೇಕಲ್ಲ."

ಆಗ ನನಗೆ ಕಟ್ಟಳೆಯ ಒಂದು ಮೂಲೆಯಲ್ಲಿದ್ದ ಮಾತು ನೆನಪಾಯಿತು. ಗಂಡ ಸತ್ತ ಹೆಂಗಸು ಕೇಳಿದರೆ ಹೊಲದಲ್ಲಿ ಅರ್ಧ ಅವಳದು. ಕೇಳಿದವರೇ ಇಲ್ಲ, ಯಾಕೆಂದರೆ ಕೇಳಿದರೆ ಮಕ್ಕಳ ಪಾಲು ಕಿರಿದಾಗುತ್ತದೆ. ನಾನು ಒಂದು ಇಡೀ ದಿನ ಬಟಾಣಿ ಸುಲಿಯುತ್ತಾ ಯೋಚಿಸಿದೆ. ಹೇಗಿದ್ದರೂ ಅವರು ಹೋಗುವವರೇ. ಹೋಗುವವರಿಗೆ ತಿರುಗಲು ಒಂದಿಷ್ಟು ನೆಲ ಪಕ್ಕದಲ್ಲಿದ್ದರೆ, ಅದು ತಾಯಿಯ ನೆಲವಾಗಿದ್ದರೆ, ಮನಸ್ಸಾದ ದಿನ ತಿರುಗಿ ಬರಬಹುದಲ್ಲ? ನನ್ನ ಅರ್ಧವನ್ನು ನಡುವೆ ಕೇಳುವುದು, ಆ ಪಕ್ಕ ಒಬ್ಬ, ಈ ಪಕ್ಕ ಒಬ್ಬ. ಅವರ ಪಾಲು ಗೇಣಾಗುತ್ತದೆ, ನಿಜ. ಆದರೆ ಎರಡು ಗೇಣಿನಲ್ಲಿ ಹೋಗಿ ನವೆಯುವುದಕ್ಕಿಂತ ಒಂದು ಗೇಣಿನಲ್ಲಿ ಹೋಗಿ ವಾಪಸು ಬರುವುದು ಮೇಲು. ನನ್ನ ಬುದ್ಧಿಗೆ ನಾನೇ ಶಭಾಸ್ ಎಂದುಕೊಂಡೆ.

ಫ್ರಿಶೆ ಗಜಕಡ್ಡಿ ಹಿಡಿದು ಬಂದ. ದುಂಡಗಿನ ಮನುಷ್ಯ. ಊರಿನಲ್ಲಿ ಅಡ್ಡಕ್ಕೆ ಬೆಳೆದದ್ದು ಅವನೊಬ್ಬನೇ.

"ನಡುವಿನ ಪಾಲು ನಂಗೆ ಬೇಕು ಸ್ವಾಮಿ," ಎಂದೆ.

"ಧಾರಾಳವಾಗಿ ತಗೊಳ್ಳಿ ಪೆರೀನಮ್ಮ. ಮೂರು ಮುಖ ಆಯ್ತು, ಮೂರು ಹುಂಜ ಆಯ್ತು. ಗಂಡುಮಕ್ಕಳಿಬ್ಬರನ್ನೂ ಒಂದೇ ಏಟಿಗೆ ಗೇಣಿನವರನ್ನಾಗಿ ಮಾಡಿಬಿಟ್ರಿ. ಇಂಥ ತಾಯಿ ಎಲ್ಲಿ ಸಿಗ್ತಾಳೆ?"

"ಮಕ್ಕಳು ನನ್ನ ನೆಲದ ಮೇಲೆ ಕಾಲಿಟ್ಟು ತಿರುಗಬೋದು ತಾನೆ? ನನ್ನದೇನೂ ತಕರಾರಿಲ್ಲ."

ಫ್ರಿಶೆ ಗಜಕಡ್ಡಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. ಇಂಥ ಪ್ರಶ್ನೆ ಅವನಿಗೆ ಯಾರೂ ಹಾಕಿರಲಿಲ್ಲ. "ತಕರಾರು ಮಾಡೋರಿಲ್ಲ ಅಂದ್ರೆ ಅದು ತಪ್ಪಾಗುತ್ತೋ ಇಲ್ವೋ, ನೋಡಬೇಕು," ಎಂದ. "ಆದ್ರೆ ಒಂದು ತಿಳ್ಕೊಳ್ಳಿ. ನಿಮ್ಮದು ಅರ್ಧ, ಅರವತ್ತು ದಿನಕ್ಕೆ ಮುಗಿಯುತ್ತೆ. ಅವರದ್ದು ಕಾಲು, ನೂರಿಪ್ಪತ್ತು ದಿನ. ನಿಮ್ಮದು ಮುಗಿದ ಕಡೆ ಗೂಟ ಇರುತ್ತೆ. ಅದರಾಚೆ ನಡುವಿನ ನೆಲ ಧಣಿಗಳದು. ಅಲ್ಲಿ ತಿರುಗೋ ಮಾತಿಲ್ಲ."

ಅರವತ್ತು ದಿನ ಸಾಕು ಎಂದುಕೊಂಡೆ. ಅರವತ್ತು ದಿನದಲ್ಲಿ ಕಲ್ಲೂ ಕರಗುತ್ತದೆ.

ಪಾಲಾದ ಮೇಲೆ ಮನೆಯೊಳಗೂ ಗೆರೆ ಹಾದುಹೋಯಿತು. ತೂಸಾನ್ ಇದ್ದಿಲು ತಂದು ನೆಲದ ಮೇಲೆ ಎರಡು ಗೆರೆ ಎಳೆದ. ಒಲೆ ನನ್ನ ಪಾಲಿಗೆ ಬಂತು, ಬಾಗಿಲ ಅಗುಳಿ ರೆಮಿಗೆ, ಗೋಡೆಯ ಮೇಲಿನ ಶಿಲುಬೆ ತೂಸಾನನಿಗೆ. ರೆಮಿ ಗೆರೆಯ ಮೇಲೆಯೇ ಕಾಲು ಚಾಚಿ ಕೂತು ಗಂಜಿ ಕುಡಿಯುತ್ತಿದ್ದ. ತೂಸಾನ್ ಮಾತ್ರ ತನ್ನ ಗೇಣಿನಲ್ಲಿ ಗೋಡೆಗೆ ಅಂಟಿಕೊಂಡು, ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟುಕೊಂಡು, ನಿಂತೇ ಉಣ್ಣುತ್ತಿದ್ದ. ಬಟ್ಟಲನ್ನು ನಾನು ಗೆರೆಯ ಮೇಲೆ ಇಡಬೇಕು, ಅವನು ಅಲ್ಲಿಂದ ತೆಗೆದುಕೊಳ್ಳಬೇಕು. ಊರಿನವರು ಕಿಟಕಿಯಲ್ಲಿ ಇಣುಕಿ ನೋಡಿ, ಎಂಥಾ ಮಗನನ್ನು ಹೆತ್ತೆ ಪೆರೀನ್ ಎಂದು ಹೊಗಳಿ ಹೋದರು.

ಹೊರಡುವ ಹಿಂದಿನ ದಿನ ಬಾಬೆಟ್ ನದಿಯಿಂದ ನೀರು ಹೊತ್ತು ಬರುತ್ತಾ ನಮ್ಮ ಬಾಗಿಲ ಮುಂದೆ ನಿಂತಳು. ಅವಳಿಗೂ ರೆಮಿಗೂ ಮಾತುಕತೆ ನಡೆದಿತ್ತು.

"ಗೇಣಿನವನಾದೆಯಂತೆ," ಎಂದಳು.

"ಹೂಂ," ಎಂದ ರೆಮಿ, ತುಸು ಎದೆಯುಬ್ಬಿಸಿಯೇ.

"ನಮ್ಮಪ್ಪನೂ ಗೇಣಿನವನೇ. ಹೋದ ಸಲ ಬಂದಾಗ ನನ್ನನ್ನ ನಮ್ಮಕ್ಕನ ಹೆಸರು ಹಿಡಿದು ಕರೆದ. ಅವಳು ಸತ್ತು ಮೂರು ವರ್ಷ ಆಗಿತ್ತು. ಅವನಿಗೆ ಹೇಳಾಕೂ ಯಾರಿಗೂ ಪುರುಸೊತ್ತಾಗಿರಲಿಲ್ಲ. ನಿನಗೆ ಬೇಕಾದ್ರೆ ಹೋಗು. ನನ್ನ ಮಕ್ಕಳಿಗೆ ಮಾತ್ರ ಮುಖ ಇರೋ ಅಪ್ಪ ಬೇಕು." ಇಷ್ಟು ಹೇಳಿ ಕೊಡ ಸರಿಮಾಡಿಕೊಂಡು ಹೋದಳು. ರೆಮಿಯ ಎದೆ ಮೊದಲಿದ್ದ ಅಳತೆಗೆ ಬಂತು.

ಹಿಮ ಕರಗಿತು. ನಾವು ಮೂವರೂ ಒಟ್ಟಿಗೆ ಹೊರಟೆವು. ಎಡಕ್ಕೆ ರೆಮಿ, ಬಲಕ್ಕೆ ತೂಸಾನ್, ನಡುವೆ ಎರಡು ಗೇಣಿನಲ್ಲಿ ನಾನು, ಬೆನ್ನಿಗೆ ಬೀಜದ ಚೀಲ. ಗುದ್ದಲಿಯಿಂದ ಒಂದು ಕುಳಿ, ಅದಕ್ಕೆ ನಾಲ್ಕು ಕಾಳು, ಕಾಲಿನಿಂದ ಮಣ್ಣು, ಮುಂದೆ ಒಂದು ಹೆಜ್ಜೆ. ಹೆಂಗಸು ಹೊಲದ ಉದ್ದಕ್ಕೆ ಹೋದದ್ದು ಅದೇ ಮೊದಲು, ಊರೆಲ್ಲ ನದಿಯ ದಂಡೆಗೆ ಬಂದು ನೋಡಿತು. ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಮಕ್ಕಳ ಜೊತೆ ಅಷ್ಟು ಹೊತ್ತು ನಾನು ಯಾವತ್ತೂ ಇದ್ದದ್ದೇ ಇಲ್ಲ. ಮನೆಯಲ್ಲಿ ಉದ್ದುದ್ದಕ್ಕೆ ಬದುಕಿದವರು ಈಗ ಪಕ್ಕ ಪಕ್ಕದಲ್ಲಿದ್ದೆವು. ತೂಸಾನನ ಕಿವಿಯ ಹಿಂದೆ ಒಂದು ಮಚ್ಚೆ ಇರುವುದು ನನಗೆ ಆಗಲೇ ಗೊತ್ತಾದದ್ದು.

ಏಳೆಂಟು ದಿನ ಕಳೆದಿರಬೇಕು, ಬಯಲಿನಲ್ಲಿ ಒಂದು ಸಂಸಾರ ನಮಗೆ ಅಡ್ಡವಾಗಿ ಬಂತು. ನಾವು ಹಡಗಿನಿಂದ ಇಳಿಯುವ ಮೊದಲಿನಿಂದ ಇಲ್ಲಿದ್ದ ಜನ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ನಾಯಿ. ನಮ್ಮೂರಿನ ನಲವತ್ತು ಹೊಲಗಳನ್ನೂ ಅಡ್ಡಡ್ಡ ದಾಟಿಕೊಂಡು, ಮಾತಾಡಿಕೊಂಡು ಹೋಗುತ್ತಿದ್ದರು. ಮಗುವಿನ ಕಾಲಿನಿಂದ ಪಾದರಕ್ಷೆ ಜಾರಿತು. ತಾಯಿ ತಿರುಗಿ ನಾಲ್ಕು ಹೆಜ್ಜೆ ಹಿಂದೆ ಬಂದು, ರೆಮಿಯ ಗೇಣಿನ ಮೇಲೆ ಒಂದು ಮೊಣಕಾಲು, ನನ್ನ ನೆಲದ ಮೇಲೆ ಇನ್ನೊಂದು ಊರಿ, ಅದನ್ನು ಕಟ್ಟಿಕೊಟ್ಟಳು. ನಮ್ಮನ್ನು ನೋಡಿ ನಕ್ಕಳು. ನೆಲ ಬಾಯ್ಬಿಡಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ.

"ನೋಡಿದ್ಯಾ, ಏನಾದ್ರೂ ಆಯ್ತಾ?" ಎಂದೆ ತೂಸಾನನಿಗೆ.

"ಪಾಪ, ಅವರಿಗೆ ಜಮೀನು ಇಲ್ವಲ್ಲವ್ವ. ಅದಕ್ಕೇ ಹಂಗೆ ಓಡಾಡ್ತಾರೆ," ಎಂದ ಅವನು. ನಿಜವಾಗಿಯೂ ಮರುಕದಿಂದಲೇ ಹೇಳಿದ.

ಹನ್ನೆರಡನೆಯ ದಿನ ರೆಮಿ ಗುದ್ದಲಿ ಊರಿ ನಿಂತ. ಬಹಳ ಹೊತ್ತು ತನ್ನ ಕಾಲನ್ನೇ ನೋಡಿಕೊಂಡ. ಆಮೇಲೆ ಬಲಗಾಲನ್ನು ಎತ್ತಿ, ತಣ್ಣೀರಿಗೆ ಇಳಿಯುವವನ ಹಾಗೆ, ಮೊದಲು ಹೆಬ್ಬೆರಳು, ಆಮೇಲೆ ಹಿಮ್ಮಡಿ, ನನ್ನ ನೆಲದ ಮೇಲೆ ಇಟ್ಟ. ಏನೂ ಆಗಲಿಲ್ಲ. ಎಡಗಾಲನ್ನೂ ತಂದ. ಈಗ ಅವನ ಮುಖ ಊರಿನ ಕಡೆಗಿತ್ತು.

"ಅವ್ವ, ನನಗಿಷ್ಟು ಉದ್ದ ಸಾಕು. ನಾನು ಹೋಗ್ತೀನಿ," ಎಂದ.

"ಹೋಗಪ್ಪ. ಅಂಬಲಿಗೆ ಉಪ್ಪು ಮರೀಬೇಡ," ಎಂದೆ. ಅಳು ಬಂತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ತೂಸಾನ್ ಅಣ್ಣನ ಕಡೆ ನೋಡಲಿಲ್ಲ. "ಮೀಸೆ ಮಣ್ಣಾಯ್ತು," ಎಂದಷ್ಟೇ ಹೇಳಿ ಕುಳಿ ತೋಡಿದ.

ರೆಮಿಯ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಉಳುಮೆಯಾಗದ ನೆಲ ಧಣಿಯದು ಎಂದು ಫ್ರಿಶೆ ಅವನ ಹೊಲವನ್ನು ಹನ್ನೆರಡು ದಿನಕ್ಕೆ ಮೊಟಕು ಮಾಡಿದ. ಬಾಬೆಟ್ ಅವನನ್ನು ಮದುವೆಯಾದಳು. ಮದುವೆಗೆ ಹನ್ನೊಂದು ಜನ ಬಂದಿದ್ದರು, ಅದರಲ್ಲಿ ಒಬ್ಬರು ಪಾದ್ರಿ. ಈಗ ಅವನನ್ನು ಊರಿನಲ್ಲಿ ಗಿಡ್ಡ ರೆಮಿ ಎನ್ನುತ್ತಾರೆ, ಆರಡಿ ಎತ್ತರವಿದ್ದಾನೆ. ಕ್ರಿಸ್ಮಸ್‌ವರೆಗೂ ಕಣಜದಲ್ಲಿ ಗೋಧಿ ಉಳಿಯುವುದು ಊರಿನಲ್ಲಿ ಅವನೊಬ್ಬನ ಮನೆಯಲ್ಲೇ. ಅದನ್ನು ಕಡ ಕೇಳಲು ಬರುವ ಹೆಂಗಸರು, ಪಾಪ, ನಿಮಗೆ ಹೊಲವಿಲ್ಲ ಎಂದು ಮರುಗಿ, ಚೀಲ ತುಂಬಿಸಿಕೊಂಡು ಹೋಗುತ್ತಾರೆ.

ಉಳಿದವರು ನಾನು, ತೂಸಾನ್. ನಲವತ್ತೆಂಟು ದಿನ ಅವನ ಪಕ್ಕದಲ್ಲಿ ನಡೆದೆ. ಏನೆಲ್ಲ ಹೇಳಲಿಲ್ಲ ನಾನು. ಮನೆಯಲ್ಲಿ ಸೂರು ಸೋರುತ್ತದೆ, ಯಾರು ಸರಿಮಾಡುವವರು ಎಂದೆ. ನಿನಗೂ ಒಂದು ಹುಡುಗಿ ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಸೊಂಟ ಹಿಡಿಯಿತು ಎಂದು ನಿಜ ಹೇಳಿದೆ. ಅವನು ಎಲ್ಲವನ್ನೂ ಕೇಳುತ್ತಿದ್ದ, ಒಮ್ಮೆಯೂ ರೇಗಲಿಲ್ಲ. ಸೊಂಟ ಎಂದಾಗ ನನ್ನ ಬೀಜದ ಚೀಲವನ್ನು ತನ್ನ ಹೆಗಲಿಗೆ ದಾಟಿಸಿಕೊಂಡ. ಅವನು ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡೆ. ಅವನಪ್ಪನ ವಿಷಯ, ಹಡಗಿನಲ್ಲಿ ಬಂದ ಮುತ್ತಜ್ಜಿಯ ವಿಷಯ, ನಾನು ಚಿಕ್ಕವಳಿದ್ದಾಗ ಕದ್ದು ತಿಂದ ಸೇಬಿನ ವಿಷಯ, ಹೇಳಿ ಹೇಳಿ ನನ್ನಲ್ಲಿದ್ದ ಕಥೆಗಳೆಲ್ಲ ಖಾಲಿಯಾದವು. ಕದ್ದ ಸೇಬಿನ ಕಥೆಗೆ ಅವನ ಮುಖ ಸಪ್ಪಗಾಯಿತು. ಆಮೇಲೆ ಅದನ್ನು ಹೇಳಬಾರದಿತ್ತು ಎನಿಸಿತು.

ಅರವತ್ತನೆಯ ದಿನ ಮಧ್ಯಾಹ್ನ ಫ್ರಿಶೆಯ ಗೂಟ ಕಂಡಿತು. ಮಂಡಿಯೆತ್ತರದ ಒಂದು ಕಡ್ಡಿ, ತುದಿಗೆ ಸುಣ್ಣ ಬಳಿದಿದ್ದರು. ನನ್ನ ಕೊನೆಯ ಕುಳಿ ಮುಚ್ಚಿ ಎದ್ದು ನಿಂತೆ.

"ತೂಸಾನ್, ನನ್ನ ನೆಲ ಮುಗೀತಪ್ಪ. ಒಂದು ಕಾಲು ಈ ಕಡೆ ಇಡು, ಇಟ್ಟು ತಿರುಗು. ಮೂರು ಗಳಿಗೆ ಕೂತು ರೊಟ್ಟಿ ತಿಂದು ಹೊರಡಾನ. ಇಲ್ಲಿ ನೋಡೋರು ಯಾರವ್ರೆ?"

"ಯಾರೂ ನೋಡದೇ ಇರೋವಾಗ ತಾನೇನವ್ವ ಮನುಷ್ಯ ಗೆರೆ ಒಳಗಿರಬೇಕಾದ್ದು?"

ಈ ಮಾತಿಗೆ ಕೆನ್ನೆಗೆ ಬಾರಿಸಬೇಕೋ ತಲೆ ಸವರಬೇಕೋ ನನಗೆ ತಿಳಿಯಲಿಲ್ಲ. ಇಂಥ ಮಗನನ್ನು ಯಾವ ತಾಯಿ ತಾನೆ ಬೇಡ ಎನ್ನುತ್ತಾಳೆ, ಅವನು ಬೇರೆಯವರ ಮಗನಾಗಿದ್ದರೆ. ಕೈ ಚಾಚಿ ಅವನ ತೋಳು ಹಿಡಿದುಕೊಂಡೆ. ಬಿಗಿಯಾಗಿಯೇ ಹಿಡಿದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ, ಬಿಡಿಸಿದ.

"ನಿನ್ನ ಕೈ ಗೆರೆ ದಾಟೈತೆ ಕಣವ್ವ," ಎಂದ. ಕೈಯನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿ, ನನ್ನ ಖಾಲಿ ಚೀಲವನ್ನು ಗೆರೆಯ ಮೇಲೆ ಇಟ್ಟ. ಆಮೇಲೆ ಒಂದು ಕಾಲಿನ ಮುಂದೆ ಇನ್ನೊಂದು ಇಡುತ್ತಾ ಹೊರಟ. ಕುಳಿ, ನಾಲ್ಕು ಕಾಳು, ಮಣ್ಣು, ಹೆಜ್ಜೆ.

ಹತ್ತು ಹೆಜ್ಜೆ ಹೋಗಿದ್ದ. ಓಡಿಹೋಗಿ ಮುಂದೆ ನಿಂತು, ಎರಡೂ ಭುಜ ಹಿಡಿದು ಊರಿನ ಕಡೆಗೆ ತಿರುಗಿಸಿಬಿಡೋಣ ಎನಿಸಿತು. ನನಗೆ ಆ ಶಕ್ತಿ ಇತ್ತು, ಅವನು ತಾಯಿಯನ್ನು ತಳ್ಳುವವನಲ್ಲ. ಗೂಟದ ಆಚೆ ಇದ್ದದ್ದು ಅದೇ ಮಣ್ಣು, ಅದೇ ಹುಲ್ಲು, ಈಚೆ ಕಡೆಯಿಂದ ಆಚೆ ಕಡೆಗೆ ಒಂದು ಇರುವೆ ಸಾಲು ಹೋಗುತ್ತಿತ್ತು. ಕಾಲೆತ್ತಿದೆ. ನಲವತ್ತು ವರ್ಷ ಈ ಊರಿನ ಗೆರೆಗಳನ್ನು, ಹಿಮ್ಮುಖ ನಡೆಯುವ ಎತ್ತುಗಳನ್ನು, ನಿಂತೇ ಉಣ್ಣುವ ನನ್ನ ಮಗನನ್ನು ನೋಡಿ ನಕ್ಕವಳು ನಾನು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಮುಂದೆ ಹೋಗು ಎಂದು ಗದರಿದೆ, ಬೇಡಿಕೊಂಡೆ. ಕೊನೆಗೆ ಅದು ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ಇಳಿಯಿತು.

ಬಯಲು ಸಪಾಟು, ಹೊಲ ನೂಲು ಹಿಡಿದ ಹಾಗೆ ನೇರ. ಅವನ ಬೆನ್ನು ಮೂರು ದಿನ ಕಾಣುತ್ತಿತ್ತು. ಆ ಮೂರು ದಿನವೂ ನಾನು ಗೂಟದ ಈಚೆಯೇ ನಿಂತಿದ್ದೆ. ನನ್ನನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ.